ಸೀಸೆಯ ಮೇಲಣ ಅಂಕಿ

ಆಟದ ಸಾಮಾನು ಎಂದೊಡನೆ ಅದು ಎಳೆಯ ಮಕ್ಕಳ ಗೊಡವೆ, ವಿಜ್ಞಾನಕ್ಕೂ ಅದಕ್ಕೂ ಏನು ಸಂಬಂಧ ಎಂದು ಮೂಗು ಮುರಿಯುವವರು ನಮ್ಮಲ್ಲಿ ಹಲವರುಂಟು. 1898ರಲ್ಲಿ ನಿಕೊಲಾ ಟೆಸ್ಲಾ ಅವರು ನ್ಯೂಯಾರ್ಕ್ ನಗರದಲ್ಲಿ ಒಂದು ತೊಟ್ಟಿಯ ನೀರಿನ ಮೇಲೆ ಪುಟ್ಟ ದೋಣಿಯೊಂದನ್ನು ತೇಲಿಬಿಟ್ಟು, ಯಾವ ತಂತಿಯ ನೆರವೂ ಇಲ್ಲದೆ ದೂರದಿಂದಲೇ ಅದನ್ನು ನಡೆಸಿ ತೋರಿಸಿದರು. ನೆರೆದವರಲ್ಲಿ ಎಷ್ಟೋ ಮಂದಿಗೆ ಅದೂ ಒಂದು ಆಟದ ಸಾಮಾನಾಗಿಯೇ ತೋರಿರಬೇಕು. ಆ ದೋಣಿಯ ವಂಶಕ್ಕೆ ಸೇರಿದ ರೇಡಿಯೋ ನಿಯಂತ್ರಿತ ಟ್ರಕ್ಕುಗಳು ಇಂದು ಅಮೆರಿಕ, ಯೂರೋಪು, ಜಪಾನುಗಳಲ್ಲಿ ಪಂದ್ಯದ ಕಣಗಳಲ್ಲಿ ಓಡುತ್ತಿವೆ. ಅವುಗಳ ಹೊಟ್ಟೆಯೊಳಗೆ ಹಾಕುವ ಕೆಲವು ಗ್ರಾಂ ಎಣ್ಣೆಯ ವಿಷಯವಾಗಿ ನಾವು ಇಲ್ಲಿ ನಮ್ಮ ಅಭಿಪ್ರಾಯವನ್ನು ತಿಳಿಸಬಯಸುತ್ತೇವೆ. ವಿಷಯ ಸಣ್ಣದು, ಅದು ಕಲಿಸುವ ಪಾಠ ಸಣ್ಣದಲ್ಲ.

ಈ ಟ್ರಕ್ಕುಗಳನ್ನು ನಿಜವಾದ ವಾಹನದ ಹತ್ತನೆಯ ಒಂದು ಅಥವಾ ಎಂಟನೆಯ ಒಂದು ಅಳತೆಯಲ್ಲಿ ಕಟ್ಟಿರುತ್ತಾರೆ. ಹತ್ತನೆಯ ಒಂದು ಅಳತೆಯ, ಮಣ್ಣಿನ ಕಣದ ವಾಹನಗಳ ವಿಶ್ವಪಂದ್ಯ 1985ರಲ್ಲಿ ಕ್ಯಾಲಿಫೋರ್ನಿಯದ ಡೆಲ್ ಮಾರ್‌ನಲ್ಲಿ ಮೊದಲು ನಡೆಯಿತು. ಓಡಿಸುವವರು ಎತ್ತರದ ಅಟ್ಟಣೆಯ ಮೇಲೆ ಸಾಲಾಗಿ ನಿಂತು, ಕೈಯಲ್ಲಿನ ಪ್ರೇಷಕದಿಂದ ತಮ್ಮ ತಮ್ಮ ವಾಹನವನ್ನು ನಡೆಸುತ್ತಾರೆ. ಪಂದ್ಯದ ನಡುವಣ ಬಿಡುವಿನಲ್ಲಿ ಅವರವರೊಳಗೆ ನಡೆಯುವ ಮಾತುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ನಿಮ್ಮ ಡಿಫರೆನ್ಷಿಯಲ್‌ನಲ್ಲಿ ಎಷ್ಟನೆಯ ನಂಬರಿನ ಎಣ್ಣೆ?” ಗೆದ್ದವರು ತಮ್ಮ ವಾಹನದಲ್ಲಿ ಏನೇನು ಹಾಕಿದ್ದರೆಂಬುದರ ಪಟ್ಟಿ ಅಚ್ಚಾಗಿ ಬರುತ್ತದೆ. ಮುಂದೆ 7,000, ನಡುವೆ 10,000, ಹಿಂದೆ 5,000 ಎಂಬಂಥ ಅಂಕಿಗಳನ್ನು ಅದರಿಂದ ಬರೆದುಕೊಂಡು, ಅದೇ ಅಂಕಿಯ ಸೀಸೆಗಳನ್ನು ಕೊಂಡು ತಂದು ತಮ್ಮ ಟ್ರಕ್ಕಿಗೆ ತುಂಬುವವರು ಅಸಂಖ್ಯರು. ಈ ಪ್ರಶ್ನೆಯೇ ತಪ್ಪಾದ ಪ್ರಶ್ನೆ ಎಂಬುದು ನಮ್ಮ ವಾದ. ನೆರೆಮನೆಯವನ ಮದ್ದಿನ ಚೀಟಿಯನ್ನು ಎರವಲು ತಂದು ತನ್ನ ರೋಗಕ್ಕೆ ಮದ್ದು ಕುಡಿದರೆ ಹೇಗೋ, ಇದೂ ಹಾಗೆಯೇ.

ಏಕೆಂಬುದನ್ನು ತಿಳಿಯಬೇಕಾದರೆ ಡಿಫರೆನ್ಷಿಯಲ್ ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡಬೇಕು. ಟ್ರಕ್ಕಿನ ಎಡಬಲ ಚಕ್ರಗಳ ನಡುವಣ ದೂರ 25 ಸೆಂ.ಮೀ., ಚಕ್ರದ ವ್ಯಾಸ 11 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಅದು 2 ಮೀಟರ್ ತ್ರಿಜ್ಯದ ತಿರುವೊಂದರಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಿಂದ ಸಾಗುತ್ತಿರಲಿ. ಹೊರಬದಿಯ ಚಕ್ರ 2.125 ಮೀಟರ್ ತ್ರಿಜ್ಯದ ಹಾದಿಯನ್ನೂ ಒಳಬದಿಯ ಚಕ್ರ 1.875 ಮೀಟರ್ ತ್ರಿಜ್ಯದ ಹಾದಿಯನ್ನೂ ಅದೇ ಹೊತ್ತಿನಲ್ಲಿ ಸವೆಸಬೇಕು. ಲೆಕ್ಕ ಹಾಕಿದರೆ ಹೊರಗಿನದು ಸೆಕೆಂಡಿಗೆ ಸುಮಾರು 15.4 ಸುತ್ತು, ಒಳಗಿನದು ಸುಮಾರು 13.6 ಸುತ್ತು ಉರುಳಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದಿದ್ದರೆ ಈ ಅಂತರ ಸಾಧ್ಯವಿಲ್ಲ; ಯಾವುದಾದರೊಂದು ಚಕ್ರ ನೆಲದ ಮೇಲೆ ಉಜ್ಜಿಕೊಂಡೇ ಹೋಗಬೇಕು. ಈ ತೊಡಕನ್ನು ನೀಗಲು ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಗಡಿಯಾರ ತಯಾರಕರು 1820ರ ದಶಕದ ಕೊನೆಯಲ್ಲಿ ಹಬೆಯ ಬಂಡಿಗೆಂದು ಹಲ್ಲುಗಾಲಿಗಳ ಜೋಡಣೆಯೊಂದಕ್ಕೆ ಪೇಟೆಂಟು ಪಡೆದರು. ಆಧುನಿಕ ಡಿಫರೆನ್ಷಿಯಲ್ ಅದರ ಸಂತತಿಯೇ. ಅದು ಎರಡು ಚಕ್ರಗಳಿಗೂ ಸಮನಾದ ತಿರುಗುಬಲವನ್ನು ಹಂಚಿ, ವೇಗದಲ್ಲಿ ಮಾತ್ರ ಅವುಗಳ ಇಷ್ಟದಂತೆ ಬಿಡುತ್ತದೆ.

ಆದರೆ ಈ ಸಮಹಂಚಿಕೆಯಲ್ಲೇ ಒಂದು ಕುಂದೂ ಅಡಗಿದೆ. ಒಂದು ಚಕ್ರ ನೆಲ ಬಿಟ್ಟು ಎದ್ದಿತೆನ್ನಿ. ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಎದುರಾಗುವ ಬಲವೇ ಇಲ್ಲ. ಆದ್ದರಿಂದ ಅದಕ್ಕೆ ಸಲ್ಲುವ ತಿರುಗುಬಲ ಬಹುಮಟ್ಟಿಗೆ ಸೊನ್ನೆ. ಸಮಹಂಚಿಕೆಯ ನಿಯಮದಂತೆ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ! ಮೋಟಾರಿನ ಶಕ್ತಿಯೆಲ್ಲ ಎದ್ದ ಚಕ್ರವನ್ನು ಗಿರಗಿರನೆ ತಿರುಗಿಸುವುದರಲ್ಲಿ ಪೋಲಾಗುತ್ತದೆ. ಇದಕ್ಕೆ ಉಪಾಯವೆಂದರೆ ಹಲ್ಲುಗಾಲಿಗಳ ಪೆಟ್ಟಿಗೆಯನ್ನು ಮಂದವಾದ ಎಣ್ಣೆಯಿಂದ ತುಂಬುವುದು. ಎರಡು ಚಕ್ರಗಳ ವೇಗ ಬೇರೆಯಾದೊಡನೆ ಒಳಗಿನ ಹಲ್ಲುಗಾಲಿಗಳು ಎಣ್ಣೆಯನ್ನು ಕಲಕಿಕೊಂಡು, ಹಿಂಡಿಕೊಂಡು ಉರುಳಬೇಕಾಗುತ್ತದೆ. ಎಣ್ಣೆ ಅದನ್ನು ತಡೆಯುತ್ತದೆ. ಆ ತಡೆಯ ಫಲವಾಗಿ ಹೆಚ್ಚು ವೇಗದಲ್ಲಿ ತಿರುಗುವ ಚಕ್ರದಿಂದ ಕಡಮೆ ವೇಗದ ಚಕ್ರದ ಕಡೆಗೆ ತಿರುಗುಬಲ ಹರಿಯುತ್ತದೆ. ವೇಗದ ಅಂತರ ಹೆಚ್ಚಿದಷ್ಟೂ, ಎಣ್ಣೆ ಮಂದವಾದಷ್ಟೂ ಈ ಹರಿವು ಹೆಚ್ಚು. ವಾಚಕರು ಈ ಒಂದು ಮಾತನ್ನು ನೆನಪಿಡಬೇಕು: ವೇಗದ ಚಕ್ರದಿಂದ ನಿಧಾನದ ಚಕ್ರಕ್ಕೆ. ಉಳಿದುದೆಲ್ಲ ಇದರಿಂದಲೇ ಹುಟ್ಟುತ್ತದೆ.

ಎಣ್ಣೆಯ ಈ ಮಂದತ್ವಕ್ಕೆ ಸ್ನಿಗ್ಧತೆ ಎಂದು ಹೆಸರು. ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ತಡೆ ಆ ಜಾರುವ ವೇಗಕ್ಕೆ ಅನುಗುಣವಾಗಿರುತ್ತದೆಂದು ನ್ಯೂಟನ್ ಅವರು 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯ’ದಲ್ಲಿ ಊಹಿಸಿದ್ದರು. ಸೀಸೆಗಳ ಮೇಲಿನ ಅಂಕಿಯ ಮಾನಕ್ಕೆ ಸೆಂಟಿಸ್ಟೋಕ್ಸ್ ಎಂದು ಹೆಸರು. ಇದು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅವರ ನೆನಪಿಗಾಗಿ ಬಂದದ್ದು. ಕೊಠಡಿಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಈ ಮಾನದಲ್ಲಿ ಸುಮಾರು 1. ಅಂದರೆ ನಮ್ಮ ಟ್ರಕ್ಕಿನ ಎಣ್ಣೆ ನೀರಿಗಿಂತ ಐದು ಸಾವಿರ, ಹತ್ತು ಸಾವಿರ ಪಟ್ಟು ಮಂದವಾದದ್ದು. ಈ ಎಣ್ಣೆ ಸಿಲಿಕೋನ್ ಜಾತಿಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಅವರು ಸಿಲಿಕಾನ್ ಸಂಯುಕ್ತಗಳ ಮೇಲೆ ದೀರ್ಘಕಾಲ ದುಡಿದರು. ಅಂಟಂಟಾಗಿ ಉಳಿಯುತ್ತಿದ್ದ ಇಂಥ ಪದಾರ್ಥಗಳಿಂದ ವ್ಯಾವಹಾರಿಕವಾಗಿ ದೊಡ್ಡ ಪ್ರಯೋಜನವಾದೀತೆಂಬ ಭರವಸೆ ಅವರಿಗೇ ಇರಲಿಲ್ಲ. ಇಂದು ಅವು ಇಲ್ಲದ ಕಾರ್ಖಾನೆ ಅಪರೂಪ.

ಇನ್ನು ಹೆಚ್ಚು ಹಿಡಿತವುಳ್ಳ ಕಣಗಳ ವಿಷಯಕ್ಕೆ ಬರೋಣ. ಸಡಿಲವಾದ ಧೂಳುಮಣ್ಣಿನಲ್ಲಿ ಟೈರು ಜಾರುತ್ತದೆ. ಜೇಡಿಮಣ್ಣಿಗೆ ನೀರು ಹಾಕಿ ಬಡಿದು ಗಟ್ಟಿ ಮಾಡಿದ ಒಳಾಂಗಣದ ಕಣದಲ್ಲಿ, ಓಡಿದ ಟೈರುಗಳ ರಬ್ಬರು ನೆಲಕ್ಕೆ ಮೆತ್ತಿಕೊಂಡು ಹಿಡಿತ ದಿನದಿಂದ ದಿನಕ್ಕೆ ಏರುತ್ತದೆ. ಯೂರೋಪಿನಲ್ಲಿ ಜಮಖಾನದ ಮೇಲೂ ಕೃತಕ ಹುಲ್ಲುಹಾಸಿನ ಮೇಲೂ ಓಡಿಸುವುದುಂಟು. ಟಾರು ಹಾಕಿದ ಬಯಲುಗಳಲ್ಲಿ ಸಕ್ಕರೆ ನೀರನ್ನು ಚಿಮುಕಿಸಿ ನೆಲವನ್ನು ಅಂಟಾಗಿಸುವುದೂ ಉಂಟು. ಇಂಥ ಕಡೆ ಘರ್ಷಣಾಂಕ 1ನ್ನು ದಾಟುತ್ತದೆ. ಘರ್ಷಣಾಂಕ 1ಕ್ಕಿಂತ ಹೆಚ್ಚಾಗಬಾರದೆಂಬ ನಿಯಮವೇನೂ ಪ್ರಕೃತಿಯಲ್ಲಿಲ್ಲ. ಮೆತು ರಬ್ಬರು ಅದಕ್ಕೆ ಸಾಕ್ಷಿ. “ಹಿಡಿತ ಹೆಚ್ಚಿದ ಕಣಕ್ಕೆ ಮಂದವಾದ ಎಣ್ಣೆ” ಎಂಬುದು ಈ ಆಟದಲ್ಲಿ ಪಳಗಿದವರು ಹೇಳುವ ಸೂತ್ರ. ಕೇಳಿದೊಡನೆ ಇದು ವಿಚಿತ್ರವೆನಿಸುತ್ತದೆ. ಚಕ್ರಗಳು ಚೆನ್ನಾಗಿ ನೆಲವನ್ನು ಕಚ್ಚಿ ಹಿಡಿದಿರುವಾಗ ಒಂದು ಚಕ್ರ ಸುಮ್ಮನೆ ತಿರುಗೀತೆಂಬ ಭಯವೇಕೆ? ಜಾರುವ ನೆಲಕ್ಕಲ್ಲವೆ ಮಂದ ಎಣ್ಣೆ ಬೇಕಾದುದು?

ಉತ್ತರ ಸರಳವಾದ ಗುಣಾಕಾರ ಭಾಗಾಕಾರಗಳಲ್ಲಿದೆ. ಮೇಲೆ ಹೇಳಿದ ತಿರುವಿನಲ್ಲಿ ಟ್ರಕ್ಕಿನ ವೇಗೋತ್ಕರ್ಷ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವ 12.5, ಇದು ಗುರುತ್ವದ ಸುಮಾರು 1.27ರಷ್ಟು. ಟ್ರಕ್ಕಿನ ಗುರುತ್ವಕೇಂದ್ರ ನೆಲದಿಂದ 8 ಸೆಂ.ಮೀ. ಎತ್ತರದಲ್ಲಿದೆಯೆಂದು ಇಟ್ಟುಕೊಂಡರೆ, ತಿರುವಿನಲ್ಲಿ ಒಳಬದಿಯಿಂದ ಹೊರಬದಿಗೆ ಸರಿಯುವ ಭಾರ ಒಟ್ಟು ಭಾರದ 1.27 × 8 ÷ 25, ಅಂದರೆ ನೂರಕ್ಕೆ ಸುಮಾರು 41 ಪಾಲು. ನಿಂತಿರುವಾಗ ಒಳಬದಿಯ ಚಕ್ರಗಳ ಮೇಲಿದ್ದುದು ನೂರಕ್ಕೆ 50. ಈಗ ಉಳಿದುದು ಬರಿಯ 9! ಅದೇ ಟ್ರಕ್ಕು ಧೂಳಿನ ಕಣದಲ್ಲಿ, ಗುರುತ್ವದ ಅರ್ಧದಷ್ಟು ವೇಗೋತ್ಕರ್ಷವನ್ನು ಮಾತ್ರ ತಡೆದುಕೊಳ್ಳಬಲ್ಲ ನೆಲದಲ್ಲಿ ತಿರುಗಿದರೆ ಒಳಬದಿಯಲ್ಲಿ ನೂರಕ್ಕೆ 34 ಪಾಲು ಭಾರ ಉಳಿಯುತ್ತದೆ. ಎಂದಮೇಲೆ ಹಿಡಿತ ಹೆಚ್ಚಿದಷ್ಟೂ ಒಳಗಿನ ಚಕ್ರ ಹಗುರವಾಗುತ್ತದೆ, ಬಹು ಸುಲಭವಾಗಿ ವ್ಯರ್ಥವಾಗಿ ತಿರುಗತೊಡಗುತ್ತದೆ. ಪಳಗಿದವರ ಸೂತ್ರದ ಒಳಗುಟ್ಟು ಇದು. ಹಿಡಿತ ಇನ್ನೂ ಹೆಚ್ಚಿ ವೇಗೋತ್ಕರ್ಷ ಗುರುತ್ವದ 1.56ರಷ್ಟನ್ನು ಮುಟ್ಟಿದರೆ ಒಳಬದಿಯ ಭಾರ ಸೊನ್ನೆಯಾಗಿ ಟ್ರಕ್ಕು ಮಗುಚಿಕೊಳ್ಳುತ್ತದೆ. ಅದಕ್ಕೆ ಎಣ್ಣೆ ಮದ್ದಲ್ಲ; ಗುರುತ್ವಕೇಂದ್ರವನ್ನು ತಗ್ಗಿಸಬೇಕು, ಇಲ್ಲವೆ ಟೈರನ್ನು ಬದಲಾಯಿಸಬೇಕು.

ಹಾಗಾದರೆ ಸೂತ್ರ ಸರಿಯೇ ಆಯಿತಲ್ಲ, ಮಂದ ಎಣ್ಣೆಯನ್ನೇ ತುಂಬೋಣ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಎಚ್ಚರ ಬೇಕು. ಅದೇ ಕಣದಲ್ಲಿ 1 ಮೀಟರ್ ತ್ರಿಜ್ಯದ ಇಕ್ಕಟ್ಟಾದ ತಿರುವೊಂದಿದೆಯೆನ್ನಿ. ಅಲ್ಲಿ ಟ್ರಕ್ಕು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮೆಲ್ಲನೆ ಹೊರಳುತ್ತದೆ. ಒಳಬದಿಯಲ್ಲಿ ನೂರಕ್ಕೆ 37 ಪಾಲು ಭಾರ ಉಳಿದಿರುವುದರಿಂದ ಎರಡು ಚಕ್ರಗಳೂ ನೆಲವನ್ನು ಭದ್ರವಾಗಿ ಹಿಡಿದಿವೆ. ಹೊರಗಿನ ಚಕ್ರವೇ ಹೆಚ್ಚು ವೇಗದಲ್ಲಿ ಉರುಳುತ್ತಿದೆ. ನಾವು ನೆನಪಿಟ್ಟ ಮಾತಿನಂತೆ ತಿರುಗುಬಲ ವೇಗದ ಚಕ್ರದಿಂದ ನಿಧಾನದ ಚಕ್ರಕ್ಕೆ, ಎಂದರೆ ಹೊರಗಿನಿಂದ ಒಳಕ್ಕೆ ಹರಿಯುತ್ತದೆ. ಒಳಗಿನ ಚಕ್ರ ಹೆಚ್ಚು ನೂಕುತ್ತದೆ. ನೂಕಿದಂತೆಲ್ಲ ಟ್ರಕ್ಕಿನ ಮೂತಿ ತಿರುವಿನಿಂದ ಹೊರಕ್ಕೆ ಸರಿಯುತ್ತದೆ. ಮೊದಲಿನ ವೇಗದ ತಿರುವಿನಲ್ಲಾದರೋ, ಹಗುರಾದ ಒಳಚಕ್ರ ವ್ಯರ್ಥವಾಗಿ ತಿರುಗಿ ವೇಗದಲ್ಲಿ ಹೊರಚಕ್ರವನ್ನು ಮೀರಿದೊಡನೆ ಹರಿವಿನ ದಿಕ್ಕೇ ತಿರುಗಿ, ಬಲ ಒಳಗಿನಿಂದ ಹೊರಗಿನ ಚಕ್ರಕ್ಕೆ ಸಲ್ಲುತ್ತದೆ. ಆಗ ಮೂತಿ ತಿರುವಿನೊಳಕ್ಕೆ ಬರುತ್ತದೆ. ಎಣ್ಣೆ ಒಂದೇ, ಟ್ರಕ್ಕು ಒಂದೇ, ಕಣವೂ ಒಂದೇ. ಒಂದು ತಿರುವಿನಲ್ಲಿ ಅದು ಹೊರಕ್ಕೆ ನೂಕಿತು, ಇನ್ನೊಂದರಲ್ಲಿ ಒಳಕ್ಕೆ ಎಳೆಯಿತು.

ಇಷ್ಟೇ ಅಲ್ಲ. ಒಂದೇ ತಿರುವಿನೊಳಗೂ ಈ ವಿಪರ್ಯಾಸವನ್ನು ಕಾಣಬಹುದು. ಶಕ್ತಿಯನ್ನು ಕಡಮೆ ಮಾಡಿ ತಿರುವನ್ನು ಹೊಗುವಾಗ ಮುಂಚಕ್ರಗಳು ನೆಲವನ್ನು ಕಚ್ಚಿರುತ್ತವೆ. ಮುಂದಿನ ಡಿಫರೆನ್ಷಿಯಲ್‌ನ ಮಂದ ಎಣ್ಣೆ ಆಗ ಹೊರಳುವುದಕ್ಕೆ ಅಡ್ಡಿ. ಶಕ್ತಿ ಕೊಟ್ಟು ತಿರುವಿನಿಂದ ಹೊರಬರುವಾಗ ಮುಂದಿನ ಒಳಚಕ್ರ ಹಗುರಾಗಿ ವ್ಯರ್ಥವಾಗಿ ತಿರುಗುತ್ತದೆ. ಅದೇ ಎಣ್ಣೆ ಆಗ ಸಹಾಯಕ. ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಶಕ್ತಿ ಹಂಚುವ ನಡುವಣ ಡಿಫರೆನ್ಷಿಯಲ್‌ಗೂ ಇದೇ ನ್ಯಾಯ. ನೇರ ಹಾದಿಯಲ್ಲಿ ಭಾರ ಹಿಂದಕ್ಕೆ ಸರಿದು ಮುಂಚಕ್ರಗಳು ಹಗುರಾದಾಗ ಮಂದ ಎಣ್ಣೆ ಶಕ್ತಿಯನ್ನು ಹಿಂದಕ್ಕೆ ಕಳುಹಿಸಿ ಉಪಕಾರ ಮಾಡುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಉದ್ದದ ಹಾದಿಯನ್ನು ಸವೆಸಬೇಕಾದಾಗ ಅದೇ ಎಣ್ಣೆ ಅವನ್ನು ಕಟ್ಟಿಹಾಕುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ “ಎಷ್ಟನೆಯ ನಂಬರು?” ಎಂಬುದಲ್ಲ, “ನಾನು ಸೋಲುತ್ತಿರುವ ಆ ತಿರುವಿನಲ್ಲಿ, ಆ ಕ್ಷಣದಲ್ಲಿ, ಯಾವ ಚಕ್ರ ಹೆಚ್ಚು ವೇಗದಲ್ಲಿ ತಿರುಗುತ್ತಿದೆ?” ಎಂಬುದು. ಇದಕ್ಕೆ ಉತ್ತರ ಗೆದ್ದವನ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ಕಣದ ಬಳಿ ನಿಂತು ತಮ್ಮ ಕಣ್ಣಿಂದಲೇ ನೋಡಿ ತಿಳಿಯಬೇಕು.

ಎರವಲು ತಂದ ಅಂಕಿಯಾದರೂ ಸ್ಥಿರವಾದುದೇ ಎಂದರೆ ಅದೂ ಇಲ್ಲ. ಸಿಲಿಕೋನ್ ಎಣ್ಣೆ ಶಾಖಕ್ಕೆ ಇತರ ಎಣ್ಣೆಗಳಷ್ಟು ತೆಳುವಾಗುವುದಿಲ್ಲವೆಂಬುದು ಅದರ ದೊಡ್ಡ ಗುಣ. ಆದರೂ 38 ಡಿಗ್ರಿ ಸೆಲ್ಸಿಯಸ್‌ನಿಂದ 99 ಡಿಗ್ರಿಗೆ ಕಾಯಿಸಿದರೆ ಅದರ ಸ್ನಿಗ್ಧತೆ ಐದರಲ್ಲಿ ಎರಡು ಪಾಲಿನಷ್ಟಕ್ಕೆ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಸರಿಹೋದ ಎಣ್ಣೆ ಮಧ್ಯಾಹ್ನದ ಬಿಸಿಯಲ್ಲಿ, ಓಟದಿಂದ ಕಾದ ಪೆಟ್ಟಿಗೆಯೊಳಗೆ, ಬೇರೆ ಎಣ್ಣೆಯೇ ಆಗಿರುತ್ತದೆ. ಪೆಟ್ಟಿಗೆಯಲ್ಲಿ ಎಣ್ಣೆ ಎಷ್ಟು ತುಂಬಿದೆಯೆಂಬುದೂ ಮುಖ್ಯ. ಡಿಗ್ರಿಗೆ ಸಾವಿರಕ್ಕೆ ಒಂದು ಪಾಲಿಗೆ ಸಮೀಪವಾಗಿ ಈ ಎಣ್ಣೆ ಹಿಗ್ಗುವುದರಿಂದ ಸ್ವಲ್ಪ ಸ್ಥಳವನ್ನು ಖಾಲಿ ಬಿಡಲೇಬೇಕು. ಕಂಠಪೂರ್ತಿ ತುಂಬಿದರೆ ಸೋರುತ್ತದೆ. ಇನ್ನೊಂದು ಸಂಗತಿ. ಎಣ್ಣೆಯ ಲೆಕ್ಕದಲ್ಲಿ ಮುಖ್ಯವಾದುದು ವ್ಯತ್ಯಾಸವಲ್ಲ, ಅನುಪಾತ. 5,000ದಿಂದ 7,000ಕ್ಕೆ ಏರುವುದೂ 7,000ದಿಂದ 10,000ಕ್ಕೆ ಏರುವುದೂ ಹೆಚ್ಚುಕಡಮೆ ಒಂದೇ ಮೆಟ್ಟಿಲು. ಎರಡರಲ್ಲೂ ಸ್ನಿಗ್ಧತೆ ಸುಮಾರು 1.4 ಪಟ್ಟಾಗುತ್ತದೆ. 5,000ದ ಎಣ್ಣೆಗೆ ಅಷ್ಟೇ 10,000ದ ಎಣ್ಣೆಯನ್ನು ಬೆರೆಸಿದರೆ ಬರುವುದು 7,500 ಅಲ್ಲ, ಸುಮಾರು 7,000.

ಚೀಟಿಯನ್ನು ನಂಬದೆ ಎಣ್ಣೆಯನ್ನು ಅಳೆಯಬೇಕೆನ್ನುವವರಿಗೆ ದಾರಿ ದೂರವಿಲ್ಲ. ದ್ರವದೊಳಗೆ ಬೀಳುವ ಗುಂಡಿನ ವೇಗದ ನಿಯಮವನ್ನು ಸ್ಟೋಕ್ಸ್ ಅವರು 1851ರಲ್ಲಿ ಪ್ರಕಟಿಸಿದರು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಹರಳೆಣ್ಣೆಯಲ್ಲೋ ಗ್ಲಿಸರಿನ್ನಿನಲ್ಲೋ ಉಕ್ಕಿನ ಗುಂಡುಗಳನ್ನು ಬಿಟ್ಟು ವಿದ್ಯಾರ್ಥಿಗಳು ಮಾಡುವ ಪ್ರಯೋಗ ಇದೇ. 3 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಅಗಲವಾದ ಪಾತ್ರೆಯಲ್ಲಿ 5,000 ಸೆಂಟಿಸ್ಟೋಕ್ಸ್ ಸಿಲಿಕೋನ್ ಎಣ್ಣೆಯೊಳಗೆ 10 ಸೆಂ.ಮೀ. ಇಳಿಯಲು ಲೆಕ್ಕದ ಪ್ರಕಾರ ಹದಿನಾಲ್ಕು ಹದಿನೈದು ಸೆಕೆಂಡು ಬೇಕು. 10,000ದ ಎಣ್ಣೆಯಲ್ಲಿ ಅದರ ಎರಡರಷ್ಟು. ಕಿರಿದಾದ ಗಾಜಿನ ನಳಿಕೆಯಲ್ಲಿ ಗೋಡೆಗಳ ತಡೆಯಿಂದ ಗುಂಡು ಇನ್ನೂ ನಿಧಾನವಾಗಿ ಇಳಿದೀತು. ಆದರೆ ಒಂದೇ ನಳಿಕೆಯಲ್ಲಿ, ಒಂದೇ ಗುಂಡಿನಿಂದ, ಒಂದೇ ಉಷ್ಣತೆಯಲ್ಲಿ ಎರಡು ಎಣ್ಣೆಗಳನ್ನು ಹೋಲಿಸಿದರೆ ಅನುಪಾತ ಕೆಡುವುದಿಲ್ಲ. ಒಂದು ಗುಂಡು, ಒಂದು ನಳಿಕೆ, ಒಂದು ಗಡಿಯಾರ: ಇಷ್ಟರಿಂದ ಸೀಸೆಯ ಮೇಲಣ ಅಂಕಿಯನ್ನು ಪರೀಕ್ಷೆಗೆ ಒಡ್ಡಬಹುದು.

ನಮ್ಮ ವಾದಕ್ಕೆ ಎದುರಾಗಿ ಹೇಳಬಹುದಾದ ಮಾತೂ ಇದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಪಂದ್ಯದ ದಿನ ಸಮಯ ಕಡಮೆ. ಪೆಟ್ಟಿಗೆ ಬಿಚ್ಚಿ ಎಣ್ಣೆ ಬದಲಾಯಿಸುವುದು ಕೈಗೆ ಅಂಟುವ, ತಾಳ್ಮೆ ಬೇಡುವ ಕೆಲಸ. ಗೆದ್ದವರ ಪಟ್ಟಿಯ ಹಿಂದೆ ಸಾವಿರಾರು ಸುತ್ತುಗಳ ಅನುಭವವಿದೆ. ಹೊಸಬನು ಅದನ್ನು ಬಿಟ್ಟು ಸೊನ್ನೆಯಿಂದ ಹೊರಡುವುದು ಮೂರ್ಖತನವಲ್ಲವೆ? ಹೌದು. ಹಿಂದಿನವರ ಅನುಭವವನ್ನು ತಳ್ಳಿಹಾಕಿ ಎಂದು ನಾವು ಹೇಳುತ್ತಿಲ್ಲ. ವಿಜ್ಞಾನವೆಲ್ಲ ಹಿಂದಿನವರ ಹೆಗಲ ಮೇಲೆಯೇ ನಿಂತಿದೆ. ಆದರೆ ಆ ಪಟ್ಟಿ ಹೊರಡುವ ಊರೇ ಹೊರತು ಸೇರುವ ಊರಲ್ಲ. ಗೆದ್ದವನ ಕೈಚಳಕ, ಅವನ ಟೈರು, ಅಂದಿನ ನೆಲ, ಅಂದಿನ ಬಿಸಿಲು ಇವು ಯಾವುವೂ ಪಟ್ಟಿಯ ಸಂಗಡ ಸೀಸೆಯಲ್ಲಿ ಬರುವುದಿಲ್ಲ. ನೆಲದ ಬಗೆ, ಉಷ್ಣತೆ, ಟೈರು ಇವನ್ನು ಹೇಳದೆ ಅಂಕಿಯನ್ನು ಮಾತ್ರ ಹೇಳುವ ಪಟ್ಟಿ ಅರ್ಧ ಪಟ್ಟಿ. ಎಷ್ಟು ಉಷ್ಣತೆಯಲ್ಲಿ ಅಳೆದುದೆಂದು ಹೇಳದ ಸೀಸೆಯ ಚೀಟಿಯೂ ಅರ್ಧ ಚೀಟಿ. ಪೂರ್ಣವಾದುದನ್ನು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ, ಅವರು ಕೇಳಬೇಕು.

ಉಳಿದ ವಿಧಾನವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪಠ್ಯದಲ್ಲಿ ಓದಿಯೇ ಇರುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು; ಮುಂದಿನ ಎಣ್ಣೆ, ಹಿಂದಿನ ಎಣ್ಣೆ, ಟೈರು ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಗೆಲುವು ಬಂದರೂ ಅರಿವು ಬರುವುದಿಲ್ಲ. ಅತಿ ವೇಗದ ಒಂದು ಸುತ್ತನ್ನು ಹಿಡಿದು ಮೆರೆಯದೆ ಹತ್ತು ಸುತ್ತುಗಳ ಸರಾಸರಿಯನ್ನೂ ಅವುಗಳ ಏರಿಳಿತವನ್ನೂ ನೋಡಬೇಕು. ಹೊಸ ಎಣ್ಣೆಯಿಂದ ಒಳಿತಾಯಿತೆಂದು ತೋರಿದರೆ ಹಳೆಯ ಎಣ್ಣೆಯನ್ನು ಮತ್ತೆ ಹಾಕಿ, ಆ ಒಳಿತು ಮಾಯವಾಗುವುದೆ ಎಂದು ಪರೀಕ್ಷಿಸಬೇಕು. ಮಾಯವಾಗದಿದ್ದರೆ ಅದು ಎಣ್ಣೆಯ ಗುಣವಲ್ಲ, ನೆಲದ ಹಿಡಿತ ಏರಿದ ಗುಣ ಅಥವಾ ಓಡಿಸುವವನ ಕೈ ಪಳಗಿದ ಗುಣ. ಎಲ್ಲಕ್ಕೂ ಮಿಗಿಲಾಗಿ, ನಿರೀಕ್ಷಿಸಿದುದು ಆಗದೆ ಹೋದಾಗ ಅದನ್ನೂ ಮುಚ್ಚಿಡದೆ ಬರೆದಿಡಬೇಕು.

ಈ ಮಾತು ಟ್ರಕ್ಕಿನ ಎಣ್ಣೆಗೆ ಮಾತ್ರ ಸಲ್ಲುವುದಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಎಷ್ಟೋ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವುದೇನು? ಗುಂಡು ಎಣ್ಣೆಯಲ್ಲಿ ಇಳಿಯುವ ಮೊದಲೇ ಉತ್ತರ ಎಷ್ಟು ಬರಬೇಕೆಂಬುದನ್ನು ಹಿಂದಿನ ವರ್ಷದವರ ದಾಖಲೆ ಪುಸ್ತಕದಿಂದ ನಕಲು ಮಾಡಿಕೊಂಡಿರುತ್ತಾರೆ. ಗಡಿಯಾರ ಬೇರೆ ಏನನ್ನೋ ತೋರಿಸಿದರೆ ಗಡಿಯಾರವನ್ನು ನಂಬದೆ ಪುಸ್ತಕವನ್ನು ನಂಬುತ್ತಾರೆ. ಅಂಕ ಬರುತ್ತದೆ, ತರಗತಿ ದಾಟುತ್ತದೆ. ಎಣ್ಣೆ ಏಕೆ ತಡೆಯಿತೆಂಬ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ. ಆ ದಿನ ಕೊಠಡಿ ಬೆಚ್ಚಗಿತ್ತು, ಆದುದರಿಂದ ಉತ್ತರ ಬೇರೆ ಬಂತು ಎಂದು ಧೈರ್ಯವಾಗಿ ಬರೆದ ವಿದ್ಯಾರ್ಥಿಗೆ ನಾವು ಪೂರ್ಣ ಅಂಕ ಕೊಡಬೇಕು. ಕೊಡುತ್ತಿದ್ದೇವೆಯೇ ಎಂಬುದನ್ನು ಉಪಾಧ್ಯಾಯರು ತಮ್ಮನ್ನೇ ಕೇಳಿಕೊಳ್ಳಬೇಕು.

ಅಮೆರಿಕದ ಎ.ಎಂ.ಸಿ. ಕಂಪನಿ ತನ್ನ 1980ರ ಮಾದರಿಯ ಈಗಲ್ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ ಹಂಚಲು ಮಂದವಾದ ದ್ರವದ ತಡೆಯನ್ನೇ ಬಳಸಿಕೊಂಡಿತು. ಅಂಗೈಯಗಲದ ಟ್ರಕ್ಕಿನಲ್ಲಿಯೂ ಮನುಷ್ಯರನ್ನು ಹೊತ್ತ ಕಾರಿನಲ್ಲಿಯೂ ನಡೆಯುವುದು ಒಂದೇ ನಿಯಮ. ಆಟದ ಕಣದಲ್ಲಿ ಅಂಕಿಯನ್ನು ಎರವಲು ತಂದವನು ಹೆಚ್ಚೆಂದರೆ ಒಂದು ಪಂದ್ಯ ಸೋತಾನು. ಅದೇ ಅಭ್ಯಾಸವನ್ನು ಕಾರ್ಖಾನೆಗೆ, ಸೇತುವೆಗೆ, ಔಷಧಾಲಯಕ್ಕೆ ಕೊಂಡೊಯ್ದವನ ಸೋಲಿಗೆ ಬೆಲೆ ತೆರುವವರು ಇತರರು. ಆದುದರಿಂದ ನಮ್ಮ ಎಳೆಯ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ: ಮುಂದೆ ಯಾರಾದರೂ ನಿಮಗೊಂದು ಅಂಕಿಯನ್ನು ಕೊಟ್ಟರೆ ಕೃತಜ್ಞತೆಯಿಂದ ತೆಗೆದುಕೊಳ್ಳಿ. ತೆಗೆದುಕೊಂಡ ಮೇಲೆ, ಯಾವ ಚಕ್ರ ಹೆಚ್ಚು ವೇಗದಲ್ಲಿ ತಿರುಗುತ್ತಿದೆಯೆಂದು ಒಮ್ಮೆ ಬಗ್ಗಿ ನೋಡಿ.